ಮೊದಲು ಚಿಪ್, ಆಮೇಲೆ ಸೂಜಿ

ನಮ್ಮ ಕರಿಯ ಬೆಂಗಳೂರಿನ ಬೀದಿಯಲ್ಲಿ ಹುಟ್ಟಿದ ನಾಯಿ. ಮನೆಯವರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಾಗ ‘ಅದನ್ನು ಯಾರಿಗಾದರೂ ಕೊಟ್ಟು ಹೋಗಿ’ ಎಂದವರೇ ಹೆಚ್ಚು. ಕೊಡುವ ಮಾತೇ ಇರಲಿಲ್ಲ. ವರ್ಷವರ್ಷವೂ ತಪ್ಪದೆ ರೇಬೀಸ್ ಲಸಿಕೆ ಹಾಕಿಸಿದ್ದೆವು, ಪುಸ್ತಕದ ತುಂಬ ಸೀಲುಗಳಿದ್ದವು. ಅರ್ಧ ಕೆಲಸ ಮುಗಿದೇ ಹೋಗಿದೆ ಎಂದುಕೊಂಡಿದ್ದೆ.

ಒಂದು ಸೀಲೂ ಲೆಕ್ಕಕ್ಕೆ ಬರಲಿಲ್ಲ. ಮೈಯೊಳಗೆ ಗುರುತಿನ ಸಂಖ್ಯೆಯ ಚಿಪ್ ಇಲ್ಲದ ನಾಯಿಗೆ ಹಾಕಿದ ಲಸಿಕೆ ಯಾವ ನಾಯಿಗೆ ಹಾಕಿದ್ದೋ ಯಾರಿಗೆ ಗೊತ್ತು ಎನ್ನುವುದು ಯುರೋಪಿಯನ್ ಒಕ್ಕೂಟದ ತರ್ಕ. ಸಿಟ್ಟು ಬಂದರೂ ಅಲ್ಲಗಳೆಯುವಂತಿರಲಿಲ್ಲ. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ, 15 ಅಂಕಿಯ ಮೈಕ್ರೋಚಿಪ್ಪನ್ನು ಕತ್ತಿನ ಚರ್ಮದಡಿ ಹಾಕಿಸಿ, ಅದರ ಬೆನ್ನಿಗೇ ಲಸಿಕೆಯನ್ನು ಹೊಸದಾಗಿ ಕೊಡಿಸಿದೆವು.

ಲಸಿಕೆ ಮೈಗೆ ಹತ್ತಿದೆಯೇ ಎಂದು ನೋಡುವ ರಕ್ತ ಪರೀಕ್ಷೆಯಿಂದ ವಿನಾಯಿತಿ ಇರುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಒಕ್ಕೂಟದ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳಿಸಬೇಕು. ರೇಬೀಸನ್ನು ತಡೆಯುವ ಪ್ರತಿಕಾಯದ ಪ್ರಮಾಣ ಮಿಲಿಲೀಟರಿಗೆ 0.5 ಘಟಕವಾದರೂ ಇರಬೇಕು. ಪಾಸಾದರೂ 3 ತಿಂಗಳು ಕಾಯಬೇಕು. ಈ ಲೆಕ್ಕ ರಕ್ತ ತೆಗೆದ ದಿನದಿಂದ, ವರದಿ ಬಂದ ದಿನದಿಂದಲ್ಲ. ನಾನು ವರದಿಯಿಂದ ಎಣಿಸಿ ಟಿಕೆಟ್ ಮಾಡಿಸಿದ್ದೆ. ಅದನ್ನು ಹಿಂದಕ್ಕೆ ತರಲು ತೆತ್ತ ದುಡ್ಡಿನ ಸುದ್ದಿ ಬೇಡ.

ಅಷ್ಟರಲ್ಲಿ ಮನೆಯವರು ಹೊರಟು ಹೋಗಿದ್ದರು. ಮಾಲೀಕರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ 5 ದಿನಕ್ಕಿಂತ ಹೆಚ್ಚು ಅಂತರವಾದರೆ ಅದು ಸಾಕುಪ್ರಾಣಿಯಲ್ಲ, ವ್ಯಾಪಾರದ ಸರಕು! ಆದ್ದರಿಂದ ಕಾಗದಪತ್ರಗಳಲ್ಲೆಲ್ಲ ಕರಿಯನ ಒಡತಿ ನಾನೇ ಆದೆ.

ಆ ಮೂರು ತಿಂಗಳೂ ವಿಮಾನದಲ್ಲಿ ಅವನನ್ನು ಒಯ್ಯುವ ಪಂಜರ ನಡುಮನೆಯಲ್ಲೇ ಇತ್ತು. ನಾಯಿ ಅದರೊಳಗೆ ನಿಂತು ತಿರುಗುವಷ್ಟು ಜಾಗವಿರಬೇಕು. ಊಟ ಅಲ್ಲೇ ಇಟ್ಟೆ. ಮೊದಲ ವಾರ ಮುಂಗಾಲು ಒಳಗೆ, ಹಿಂಗಾಲು ಹೊರಗೆ ಇಟ್ಟುಕೊಂಡೇ ಉಂಡ. ಆಮೇಲೆ ಮಧ್ಯಾಹ್ನದ ನಿದ್ದೆಯೂ ಅಲ್ಲೇ. ಮತ್ತಿನ ಮಾತ್ರೆ ಕೊಡಬೇಡಿ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು, ಕೊಡಲಿಲ್ಲ.

ಕೊನೆಯ ಆರೋಗ್ಯ ಪ್ರಮಾಣಪತ್ರ ಇಂಗ್ಲಿಷಿನ ಜೊತೆಗೆ ಜರ್ಮನ್ ಭಾಷೆಯಲ್ಲೂ ಇರಬೇಕು, ಸರ್ಕಾರಿ ಪಶುವೈದ್ಯರ ಮೊಹರು ಬೀಳಬೇಕು. ಮೊಹರು ಬಿದ್ದ 10 ದಿನಗಳೊಳಗೆ ಅಲ್ಲಿ ತಲುಪಬೇಕು. ಆ ವಾರ ನಾನು ಸರಿಯಾಗಿ ಮಲಗಲಿಲ್ಲ.

ಫ್ರಾಂಕ್‌ಫರ್ಟಿನಲ್ಲಿ ತಂದದ್ದನ್ನು ತಿಳಿಸಬೇಕಾದವರ ಕೆಂಪು ದ್ವಾರದಿಂದ ಕಸ್ಟಮ್ಸ್‌ಗೆ ಹೋದೆವು. ಅಧಿಕಾರಿ ಚಿಪ್ ಓದುವ ರೀಡರನ್ನು ಕತ್ತಿನ ಮೇಲೆ ಆಡಿಸಿದರು. ಸದ್ದಿಲ್ಲ. ಇನ್ನೊಮ್ಮೆ ಆಡಿಸಿದರು. ಚಿಪ್ ಭುಜದ ಕಡೆಗೆ ಜಾರಿತ್ತು. ಅಲ್ಲಿಗೆ ಬಂದಾಗ ಕೀಂ ಎಂದಿತು. ಅವರು ಒಂದೊಂದೇ ಅಂಕಿಯನ್ನು ಕಾಗದದೊಂದಿಗೆ ತಾಳೆ ನೋಡುತ್ತಿದ್ದರೆ ನಾನು ಬಾಯಿಪಾಠ ಮಾಡಿದ್ದ 15 ಅಂಕಿಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಕರಿಯ ಅವರ ಬೂಟು ಮೂಸುತ್ತಿದ್ದ.