ಖಾಲಿ ಕೂತಿದ್ದ ಸರ್ವರ್, ಸೇವ್ ಆಗದ ಬಿಲ್

"ಸರ್, ಸೇವ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇರುತ್ತೆ. ದೊಡ್ಡ ಬಿಲ್ಲಾದ್ರೆ ಹನ್ನೊಂದು ಹನ್ನೆರಡು ಸೆಕೆಂಡು. ಮೊದಲು ಹೀಗಿರಲಿಲ್ಲ."

ಲೆಕ್ಕಪತ್ರ ವಿಭಾಗದಿಂದ ಈ ಫೋನ್ ಬಂದಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಬಿಲ್ಲಿಂಗ್ ಡೇಟಾಬೇಸ್ ಓಡುವ ವಿಎಂಗೆ (ವರ್ಚುವಲ್ ಮೆಷಿನ್, ಅಂದರೆ ಒಂದು ಯಂತ್ರದೊಳಗೆ ಸಾಫ್ಟ್‌ವೇರ್ ಕಟ್ಟಿದ ಇನ್ನೊಂದು ಕಂಪ್ಯೂಟರ್) ಇದ್ದ ನಾಲ್ಕು ಸಿಪಿಯುವನ್ನು ಎಂಟು ಮಾಡಿದೆ. ಸಾಫ್ಟ್‌ವೇರ್ ಕೊಟ್ಟವರ ಸಪೋರ್ಟ್ ವಿಭಾಗ "ಎಂಟು ಕೋರ್ ಬೇಕೇ ಬೇಕು" ಅಂದಿತ್ತು. ನನಗೂ ಏನಾದರೂ ಮಾಡಿದ ಹಾಗೆ ಕಾಣಬೇಕಿತ್ತು. ಮರುದಿನ ಅದೇ ಬಿಲ್ ಹದಿನಾಲ್ಕು ಸೆಕೆಂಡು ತೆಗೆದುಕೊಂಡಿತು.

ಇದ್ದದ್ದು ಒಂದೇ ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತ ನಿಜವಾದ ಯಂತ್ರ. ಎಂಟು ಕೋರ್‌ನ ಒಂದು ಪ್ರೊಸೆಸರ್, ನಿಮಿಷಕ್ಕೆ 7200 ಸುತ್ತಿನ ಆರು ಡಿಸ್ಕ್‌ಗಳನ್ನು ಒಂದಾಗಿ ಕೂಡಿಸಿದ ರೇಡ್ 5, ಮೇಲೆ ವಿಎಂಗಳನ್ನು ನಡೆಸುವ ವಿಎಂವೇರ್ ಇಎಸ್‌ಎಕ್ಸ್‌ಐ. ಅದರ ಮೇಲೆ ಆರು ವಿಎಂ: ಡೊಮೇನ್ ಕಂಟ್ರೋಲರ್, ಫೈಲ್ ಸರ್ವರ್, ರಿಮೋಟ್ ಡೆಸ್ಕ್‌ಟಾಪ್, ಬ್ಯಾಕಪ್, ಯಾರೋ ಟೆಸ್ಟಿಂಗ್‌ಗೆಂದು ಎಬ್ಬಿಸಿ ಮರೆತ ಒಂದು, ಮತ್ತು ಎಸ್‌ಕ್ಯೂಎಲ್ ಸರ್ವರ್ ಇರುವ ಈ ಡೇಟಾಬೇಸ್ ವಿಎಂ. ವಿಚಿತ್ರ ಅಂದರೆ ವಿಎಂ ಒಳಗೆ ಹೋಗಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಶೇ. 25 ದಾಟುತ್ತಿರಲಿಲ್ಲ. ಮೆಮೊರಿ ಧಾರಾಳ. ಸರ್ವರ್ ಕೈಕಟ್ಟಿ ಕೂತಿತ್ತು, ಜನ ಮಾತ್ರ ಕಾಯುತ್ತಿದ್ದರು.

ವಿಎಂಗೆ ತಾನು ಎಷ್ಟು ಹೊತ್ತು ಕಾದೆ ಅನ್ನುವುದೇ ಸರಿಯಾಗಿ ಗೊತ್ತಿರುವುದಿಲ್ಲ. ಹೋಸ್ಟ್ ಅದನ್ನು ಓಡಿಸದೆ ಪಕ್ಕಕ್ಕೆ ನಿಲ್ಲಿಸಿದ ಸಮಯ ಒಳಗಿನ ಗ್ರಾಫಿನಲ್ಲಿ ಕಾಣುವುದೇ ಇಲ್ಲ. ಅದನ್ನು ನೋಡಬೇಕಾದರೆ ಹೋಸ್ಟ್‌ಗೇ ಇಳಿಯಬೇಕು. ಎಸ್‌ಎಸ್‌ಎಚ್ ಮೂಲಕ ಹೋಸ್ಟ್‌ಗೆ ಲಾಗಿನ್ ಆಗಿ, ಅದರ ಅಂಕಿಗಳನ್ನು ತೋರಿಸುವ ಇಎಸ್‌ಎಕ್ಸ್‌ಟಾಪ್ ಓಡಿಸಿದೆ. ಡೇಟಾಬೇಸ್ ವಿಎಂನ ಸಾಲಿನಲ್ಲಿ ರೆಡಿ ಕಾಲಂ (ಓಡಲು ಸಿದ್ಧವಿದ್ದೂ ಕೋರ್ ಸಿಗದೆ ಕಾದ ಸಮಯದ ಶೇಕಡಾವಾರು) 96 ತೋರಿಸುತ್ತಿತ್ತು. ಶೇ. 96 ಕಾಯುತ್ತಿದೆಯಾ ಎಂದು ಗಾಬರಿಯಾಯಿತು. ಆಮೇಲೆ ನೆನಪಾಯಿತು, ಅದು ಎಂಟೂ ವಿಸಿಪಿಯುಗಳ, ಅಂದರೆ ವಿಎಂಗೆ ಕೊಟ್ಟ ವರ್ಚುವಲ್ ಸಿಪಿಯುಗಳ, ಒಟ್ಟು ಮೊತ್ತ. 'ಇ' ಒತ್ತಿ ವಿಎಂನ ಗುಂಪಿನ ಸಂಖ್ಯೆ ಕೊಟ್ಟರೆ ಬಿಡಿಸಿ ತೋರಿಸುತ್ತದೆ: ಒಂದೊಂದಕ್ಕೆ ಹನ್ನೆರಡರ ಆಸುಪಾಸು. ಗಾಬರಿ ಇಳಿಯಿತು, ಆದರೂ ಅದು ಒಳ್ಳೆಯ ಅಂಕಿಯಲ್ಲ. ಒಂದು ವಿಸಿಪಿಯುಗೆ ಐದು ದಾಟಿದರೆ ನಾನು ಕಣ್ಣಿಡುತ್ತೇನೆ, ಹತ್ತು ದಾಟಿದರೆ ಬಳಕೆದಾರರಿಗೇ ಗೊತ್ತಾಗುತ್ತದೆ. ಕಮಾಂಡ್ ಲೈನ್ ಬೇಡ ಅನ್ನುವವರು ವಿಎಂವೇರ್‌ನ ನಿರ್ವಹಣಾ ಸಾಫ್ಟ್‌ವೇರ್ ವಿಸೆಂಟರ್‌ನ ರಿಯಲ್-ಟೈಮ್ ಗ್ರಾಫಿನಲ್ಲೂ ಇದನ್ನು ನೋಡಬಹುದು. ಅಲ್ಲಿ ಲೆಕ್ಕ ಮಿಲಿಸೆಕೆಂಡಿನಲ್ಲಿರುತ್ತದೆ, ಒಂದು ಬಿಂದು 20 ಸೆಕೆಂಡಿನದ್ದು. ಹಾಗಾಗಿ 2000 ಅಂದರೆ ಶೇ. 10.

ರೆಡಿಯ ಜೊತೆಗೆ ಕೋ-ಸ್ಟಾಪ್ ಕಾಲಂ ಕೂಡ ಸೊನ್ನೆ ಬಿಟ್ಟು ಮೇಲೆದ್ದಿತ್ತು. ಒಂದು ವಿಎಂಗೆ ಹಲವು ವಿಸಿಪಿಯು ಇದ್ದರೆ ಅವು ಹೆಚ್ಚುಕಡಿಮೆ ಜೊತೆಯಲ್ಲೇ ಸಾಗಬೇಕು. ಒಂದು ಎತ್ತು ಮುಂದೆ ಹೋದರೆ ನೊಗ ಓರೆಯಾಗುತ್ತದಲ್ಲ, ಹಾಗೆ. ಮುಂದೆ ಹೋದದ್ದನ್ನು ಹೋಸ್ಟ್ ಹಿಡಿದು ನಿಲ್ಲಿಸುತ್ತದೆ, ಉಳಿದವಕ್ಕೆ ಕೋರ್ ಸಿಕ್ಕಿ ಅವು ಬಂದು ಸೇರುವವರೆಗೆ. ಎಂಟು ಕೋರ್‌ನ ಹೋಸ್ಟ್ ಮೇಲೆ ಎಂಟು ವಿಸಿಪಿಯುವಿನ ವಿಎಂ, ಪಕ್ಕದಲ್ಲಿ ಇನ್ನೂ ಐದು ಜನ. ಕಾಯದೆ ಇನ್ನೇನು ಮಾಡುತ್ತದೆ? ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್‌ನಿಂದ ಹದಿನಾರು ಅಂತ ಕಂಡರೂ ನಿಜವಾಗಿ ದುಡಿಯುವ ಕೋರ್ ಎಂಟೇ.

ರಾತ್ರಿ ವಿಎಂ ಆಫ್ ಮಾಡಿ ಮತ್ತೆ ನಾಲ್ಕಕ್ಕೆ ಇಳಿಸಿದೆ. ರಿಮೋಟ್ ಡೆಸ್ಕ್‌ಟಾಪ್ ವಿಎಂಗೂ ಕತ್ತರಿ ಹಾಕಿದೆ. ಟೆಸ್ಟಿಂಗ್ ವಿಎಂ ಅನ್ನು ಆಫ್ ಮಾಡಿದೆ, ಇಂದಿನವರೆಗೆ ಯಾರೂ ಅದನ್ನು ಕೇಳಿಲ್ಲ. ರೆಡಿ ಎರಡಕ್ಕೆ ಬಂತು. ಬೆಳಿಗ್ಗೆ ಖುಷಿಯಿಂದ ಫೋನ್ ಮಾಡಿದೆ.

"ಈಗ ಹೇಗಿದೆ ಮೇಡಂ?"

"ನಿನ್ನೆಗಿಂತ ವಾಸಿ ಸರ್. ಮೊದಲಿನ ಹಾಗೇ ಇದೆ."

ಮೊದಲಿನ ಹಾಗೆ ಅಂದರೆ ಹನ್ನೊಂದು ಸೆಕೆಂಡು. ನಾನೇ ತಂದಿಟ್ಟ ತೊಂದರೆಯನ್ನು ನಾನೇ ತೆಗೆದಿದ್ದೆ, ಅಷ್ಟೇ.

ಈ ಸಲ ಊಹೆ ಬಿಟ್ಟು ಡೇಟಾಬೇಸನ್ನೇ ಕೇಳಿದೆ. ಯಾವುದಕ್ಕಾಗಿ ಎಷ್ಟು ಕಾದೆ ಅನ್ನುವ ಪಟ್ಟಿಯನ್ನು ಎಸ್‌ಕ್ಯೂಎಲ್ ಸರ್ವರ್ ತಾನೇ ಇಟ್ಟುಕೊಂಡಿರುತ್ತದೆ. ಆದರೆ ಅದು ಸರ್ವೀಸ್ ಶುರುವಾದಾಗಿನಿಂದ ಕೂಡಿಕೊಂಡು ಬಂದ ಮೊತ್ತ. ನೇರವಾಗಿ ಓದಿದರೆ ರಾತ್ರಿಯ ಬ್ಯಾಕಪ್ ಕಾದದ್ದೂ ಅದರಲ್ಲಿ ಬೆರೆತಿರುತ್ತದೆ. ಹಾಗಾಗಿ ಬಿಲ್ಲಿಂಗ್ ಜೋರಾಗಿರುವ ಹೊತ್ತಿನಲ್ಲಿ ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ತೆಗೆದು, ಎರಡನೆಯದರಿಂದ ಮೊದಲನೆಯದನ್ನು ಕಳೆದೆ. ಉಳಿದದ್ದರಲ್ಲಿ ಮೇಲಿದ್ದದ್ದು ರೈಟ್‌ಲಾಗ್, ಅಂದರೆ ಲಾಗ್ ಬರೆದು ಮುಗಿಯಲೆಂದು ಕಾದದ್ದು, ಉಳಿದವೆಲ್ಲ ಬಹಳ ಕೆಳಗೆ.

ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) ಎಸ್‌ಕ್ಯೂಎಲ್ ಸರ್ವರ್ ಲಾಗ್ ಫೈಲಿಗೆ ಬರೆದು, ಡಿಸ್ಕ್ "ಬರೆದಾಯಿತು" ಅನ್ನುವವರೆಗೆ ನಿಲ್ಲುತ್ತದೆ. ಮತ್ತೆ ಇಎಸ್‌ಎಕ್ಸ್‌ಟಾಪ್‌ಗೆ ಬಂದು 'ವಿ' ಒತ್ತಿದೆ. ಈ ವಿಎಂನ ಡಿಸ್ಕಿಗೆ ಓದುವ ವಿಳಂಬ 5 ಮಿಲಿಸೆಕೆಂಡು, ಬರೆಯುವ ವಿಳಂಬ 45. 'ಯು' ಒತ್ತಿ ಡಿವೈಸ್ ನೋಟಕ್ಕೆ ಹೋದರೆ, ಹೋಸ್ಟಿನ ಕರ್ನಲ್‌ನಲ್ಲಿ ಕಾದ ಸಮಯ ಹೆಚ್ಚುಕಡಿಮೆ ಸೊನ್ನೆ. ಪೂರಾ ವಿಳಂಬ ಡಿವೈಸ್‌ನದ್ದೇ. ಅಷ್ಟಾಗಿ ಹೋಗುತ್ತಿದ್ದ ಡೇಟಾ ಸೆಕೆಂಡಿಗೆ ಐದಾರು ಎಂಬಿ. ತುಂಬಿ ತುಳುಕುವ ಹೊಳೆಯಲ್ಲ, ಕಟ್ಟಿಕೊಂಡ ಕೊಳಾಯಿ.

ಒಂದು ದೊಡ್ಡ ಬಿಲ್ಲಿನಲ್ಲಿ ಸುಮಾರು 120 ಸಾಲು. ಈ ಸಾಫ್ಟ್‌ವೇರ್ ಪುಣ್ಯಾತ್ಮ ಪ್ರತಿ ಸಾಲಿಗೂ ಎರಡು ಸಲ ಕಮಿಟ್ ಮಾಡುತ್ತದೆ: ಬಿಲ್ಲಿಗೆ ಒಂದು, ಸ್ಟಾಕಿಗೆ ಒಂದು. 240 ಕಮಿಟ್, ತಲಾ 45 ಮಿಲಿಸೆಕೆಂಡು. ಗುಣಿಸಿದರೆ 10.8 ಸೆಕೆಂಡು. ಕಾಗದದ ಮೇಲೆ ಆ ಅಂಕಿ ಬಂದಾಗ ಆದ ಸಮಾಧಾನ, ಆಮೇಲೆ ಅದನ್ನು ಸರಿಪಡಿಸಿದಾಗಲೂ ಆಗಲಿಲ್ಲ.

ಓದು ಚೆನ್ನಾಗಿದೆ, ಬರಹ ಮಾತ್ರ ಕುಂಟುತ್ತಿದೆ ಅಂದರೆ ಸಂಶಯ ಹೋಗಬೇಕಾದದ್ದು ಡಿಸ್ಕ್‌ಗಳನ್ನು ನಡೆಸುವ ರೇಡ್ ಕಂಟ್ರೋಲರ್‌ನ ಕ್ಯಾಶ್ ಮೇಲೆ. ಕಂಟ್ರೋಲರ್‌ನ ಟೂಲ್ ತೆರೆದೆ. ಡೀಫಾಲ್ಟ್ ಪಾಲಿಸಿ: ರೈಟ್-ಬ್ಯಾಕ್. ಈಗಿನ ಪಾಲಿಸಿ: ರೈಟ್-ಥ್ರೂ. ಬ್ಯಾಟರಿ: ಫೇಲ್ಡ್.

ರೈಟ್-ಬ್ಯಾಕ್‌ನಲ್ಲಿ ಕಂಟ್ರೋಲರ್ ಡೇಟಾವನ್ನು ತನ್ನ ಕ್ಯಾಶ್ ಮೆಮೊರಿಗೆ ತೆಗೆದುಕೊಂಡ ಕೂಡಲೇ "ಆಯಿತು" ಅನ್ನುತ್ತದೆ, ಡಿಸ್ಕಿಗೆ ನಿಧಾನವಾಗಿ ಇಳಿಸುತ್ತದೆ. ಕರೆಂಟ್ ಹೋದರೆ ಕ್ಯಾಶ್‌ನಲ್ಲಿರುವುದನ್ನು ಕಾಯುವುದು ಬ್ಯಾಟರಿ. ಬ್ಯಾಟರಿ ಸತ್ತರೆ ಕಂಟ್ರೋಲರ್ ಜಾಣತನದಿಂದ ರೈಟ್-ಥ್ರೂಗೆ ಹೋಗುತ್ತದೆ, ಅಂದರೆ ಡಿಸ್ಕಿನ ಮೇಲೆ ನಿಜವಾಗಿ ಬರೆದ ಮೇಲೇ ಉತ್ತರ. ಅದರ ಮೇಲೆ ರೇಡ್ 5. ಒಂದು ಸಣ್ಣ ಬರಹಕ್ಕೆ ಹಳೆಯ ಡೇಟಾ ಓದಬೇಕು, ಹಳೆಯ ಪ್ಯಾರಿಟಿ (ಒಂದು ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಪಡೆಯಲು ಇಟ್ಟ ಲೆಕ್ಕ) ಓದಬೇಕು, ಎರಡನ್ನೂ ಹೊಸದಾಗಿ ಬರೆಯಬೇಕು. ನಾಲ್ಕು ಕೆಲಸ. 7200ರ ಡಿಸ್ಕ್ ಒಂದು ಸುತ್ತು ಬರಲೇ 8.3 ಮಿಲಿಸೆಕೆಂಡು ಬೇಕು. ಮುಂದೆ ಉಳಿದ ವಿಎಂಗಳ ಸಾಲು ಬೇರೆ.

ಟೂಲ್‌ನಲ್ಲಿ ಬ್ಯಾಟರಿ ಇಲ್ಲದಿದ್ದರೂ ರೈಟ್-ಬ್ಯಾಕ್ ಮಾಡು ಅನ್ನುವ ಆಯ್ಕೆಯೂ ಇತ್ತು. ಕೈ ಅದರ ಹತ್ತಿರ ಹೋಗಿದ್ದು ಸುಳ್ಳಲ್ಲ. ಯುಪಿಎಸ್ ಇದೆಯಲ್ಲ ಅನ್ನಿಸಿತು. ಆದರೆ ಪವರ್ ಸಪ್ಲೈಯೇ ಸುಟ್ಟರೆ ಯುಪಿಎಸ್ ಏನು ಮಾಡೀತು? ಡೇಟಾಬೇಸಿಗೆ "ಬರೆದಾಯಿತು" ಎಂದು ಹೇಳಿದ್ದು ಮಾಯವಾದರೆ ಕಳೆದುಹೋಗುವುದು ಹನ್ನೊಂದು ಸೆಕೆಂಡಲ್ಲ. ಬ್ಯಾಟರಿ ಬರುವವರೆಗೆ ನಾಲ್ಕು ದಿನ ಎಲ್ಲರೂ ನಿಧಾನವಾಗಿಯೇ ಕೆಲಸ ಮಾಡಿದರು, ನನ್ನನ್ನು ಬೈದುಕೊಂಡೇ.

ಹೊಸ ಬ್ಯಾಟರಿ ಹಾಕಿದ ಕೂಡಲೇ ಏನೂ ಆಗಲಿಲ್ಲ. ಅದು ಚಾರ್ಜ್ ಆಗುವವರೆಗೂ ರೈಟ್-ಥ್ರೂನೇ. ಇದು ಮೊದಲೇ ಗೊತ್ತಿದ್ದರೆ ಅಷ್ಟು ಹೊತ್ತು ಬೆವರುತ್ತಿರಲಿಲ್ಲ. ಸಂಜೆ ಹೊತ್ತಿಗೆ ಪಾಲಿಸಿ ತಾನಾಗಿಯೇ ಬದಲಾಯಿತು, ಬರೆಯುವ ವಿಳಂಬ 45ರಿಂದ ಒಂದಕ್ಕಿಂತ ಕೆಳಗೆ ಬಿತ್ತು. ಅದೇ ಬಿಲ್, ಒಂದೂವರೆ ಸೆಕೆಂಡು.

ಹುಡುಕುವಾಗ ಸಿಕ್ಕ ಇನ್ನೊಂದನ್ನೂ ಹೇಳಬೇಕು. ಡೇಟಾಬೇಸ್ ವಿಎಂ ಮೇಲೆ ಬ್ಯಾಕಪ್ ಬಿಟ್ಟುಹೋಗಿದ್ದ ಒಂದು ಸ್ನ್ಯಾಪ್‌ಶಾಟ್ (ವಿಎಂನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ಎರಡು ತಿಂಗಳಿಂದ ಕೂತಿತ್ತು. 72 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡಿ ಎಂದು ವಿಎಂವೇರ್ ಹೇಳುತ್ತದೆ. ಆ ಕ್ಷಣದಿಂದ ಆದ ಬದಲಾವಣೆಗಳು ಸೇರುವ ಡೆಲ್ಟಾ ಫೈಲ್ 180 ಜಿಬಿ ಮುಟ್ಟಿತ್ತು. ಅದನ್ನು ನಾನು ಮೊದಲ ದಿನವೇ ಕಂಡಿದ್ದೆ, ಮುಟ್ಟಿರಲಿಲ್ಲ. ಡಿಲೀಟ್ ಒತ್ತಿದರೆ ಆ 180 ಜಿಬಿಯನ್ನು ಮೂಲ ಡಿಸ್ಕಿಗೆ ಸೇರಿಸುವ ಕೆಲಸ ಶುರುವಾಗುತ್ತದೆ, ಅದೂ ಬರಹವೇ. 45 ಮಿಲಿಸೆಕೆಂಡಿನ ಡಿಸ್ಕಿನ ಮೇಲೆ ಅದನ್ನು ಎಬ್ಬಿಸಿದ್ದರೆ ಬಿಲ್ಲಿಂಗ್ ಪೂರ್ತಿ ನಿಲ್ಲುತ್ತಿತ್ತು. ಬ್ಯಾಟರಿ ಸರಿಯಾದ ಮೇಲೆ, ರಜೆಯ ಹಿಂದಿನ ರಾತ್ರಿ, ಡೇಟಾಸ್ಟೋರ್‌ನಲ್ಲಿ ಜಾಗ ಇದೆಯಾ ಎಂದು ಎರಡೆರಡು ಸಲ ನೋಡಿಕೊಂಡು ಡಿಲೀಟ್ ಮಾಡಿದೆ. ಪ್ರೋಗ್ರೆಸ್ ಬಾರ್ 99ರಲ್ಲಿ ಬಹಳ ಹೊತ್ತು ನಿಂತಿತು. ಅಲ್ಲಿ ಕ್ಯಾನ್ಸಲ್ ಒತ್ತದೆ ಕೂತಿದ್ದೇ ದೊಡ್ಡ ಸಾಹಸ.

ಬ್ಯಾಟರಿ ಸತ್ತದ್ದು ಯಾರಿಗೂ ತಿಳಿಯಲಿಲ್ಲವೇ ಎಂದು ಮಾಲೀಕರು ಕೇಳಿದರು. ಕಂಟ್ರೋಲರ್ ಮೇಲ್ ಕಳಿಸುತ್ತಲೇ ಇತ್ತು, ಕೆಲಸ ಬಿಟ್ಟುಹೋದ ಹಿಂದಿನ ಅಡ್ಮಿನ್ ವಿಳಾಸಕ್ಕೆ. ಈಗ ಅವು ನನಗೆ ಮತ್ತು ಇನ್ನೊಬ್ಬರಿಗೆ ಬರುತ್ತವೆ. ಸಾಲಿಗೆರಡು ಕಮಿಟ್ ಮಾಡುವ ಬಗ್ಗೆ ಸಾಫ್ಟ್‌ವೇರ್‌ನವರಿಗೆ ಲೆಕ್ಕ ಸಮೇತ ಬರೆದಿದ್ದೇನೆ. ಉತ್ತರ ಬಂತು: ದಯವಿಟ್ಟು ಸರ್ವರ್‌ಗೆ ಎಂಟು ಕೋರ್ ಕೊಡಿ.