ಫಿಲ್ಮ್ ಪೋರ್ಟ್ರೇಟ್‌ಗಳಲ್ಲಿ ಬರುತ್ತಿದ್ದ ಕೆಂಪು ಪಟ್ಟಿ ಹೋಗಿದ್ದು ಹೇಗೆ

ನಮ್ಮ ಸ್ಟುಡಿಯೋದಲ್ಲಿ ಪೋರ್ಟ್ರೇಟ್ ಅಂದರೆ ಮೊದಲು ಡಿಜಿಟಲ್, ಆಮೇಲೆ ಅದೇ ಲೈಟಿನಲ್ಲಿ 35 ಎಂಎಂ ಫಿಲ್ಮ್. ಈಚೆಗೆ ಡಿಜಿಟಲ್ ಫೋಟೋಗಳೆಲ್ಲ ಚೆನ್ನಾಗಿದ್ದವು. ಫಿಲ್ಮ್‌ನಲ್ಲಿ ಮಾತ್ರ ಕೆಲವು ಮುಖಗಳ ಮೇಲೆ ಕೆಂಪು ಪಟ್ಟಿ. ಮೊದಲು ಅನುಮಾನ ಹೋಗಿದ್ದು ಲ್ಯಾಬ್ ಮೇಲೆ. ಸಹಜ ಅಲ್ವಾ?

ಸ್ಕ್ಯಾನ್ ನೋಡಿದರೆ ಕಾರಣ ಗೊತ್ತಾಗುವುದಿಲ್ಲ. ನೆಗೆಟಿವ್ಅನ್ನೇ ಬೆಳಕಿಗೆ ಹಿಡಿಯಬೇಕು. ಪಟ್ಟಿ ಫ್ರೇಮ್ ಒಳಗೇ ನಿಂತಿದ್ದರೆ ಲೆನ್ಸ್ ಅಥವಾ ಶಟರ್ ಕಡೆ ನೋಡಬೇಕು. ಇಲ್ಲಿ ಅದು ಅಂಚಿನ ತೂತುಗಳವರೆಗೂ ಹರಡಿತ್ತು. ಅಂದರೆ ಬೆಳಕು ಕ್ಯಾಮೆರಾದ ಹಿಂದಿನ ಬಾಗಿಲಿನಿಂದ ನುಸುಳುತ್ತಿದೆ. ಕೆಂಪು ಬಣ್ಣಕ್ಕೂ ಅದೇ ಕಾರಣ. ಕಲರ್ ಫಿಲ್ಮ್‌ನಲ್ಲಿ ಕೆಂಪು ಹಿಡಿಯುವ ಪದರ ಎಲ್ಲಕ್ಕಿಂತ ಕೆಳಗಿರುತ್ತದೆ. ಹಿಂದಿನಿಂದ ಬಂದ ಬೆಳಕು ಮೊದಲು ಅದಕ್ಕೇ ತಾಗುತ್ತದೆ. ಕೆಲವೇ ಫ್ರೇಮ್ ಯಾಕೆ ಅಂದರೆ, ಬಂದವರು ಬಟ್ಟೆ ಬದಲಿಸುವಾಗ ಕ್ಯಾಮೆರಾ ಕಿಟಕಿ ಪಕ್ಕ ಸುಮ್ನೆ ಕೂತಿರುತ್ತಿತ್ತು.

ಬಾಗಿಲು ತೆಗೆದೆ. ಹಿಂಜ್ ಹತ್ತಿರ ಬೆಳಕು ತಡೆಯಲು ಅಂಟಿಸಿರುವ ಫೋಮ್ ಕರಗಿ ಟಾರಿನಂತೆ ಅಂಟಂಟಾಗಿತ್ತು. ಬೆರಳಿಟ್ಟರೆ ಕಪ್ಪು ಮಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಟೂತ್‌ಪಿಕ್‌ನಲ್ಲಿ ಕೆರೆದು ತೆಗೆದೆ. ಜಾಸ್ತಿ ಹೊತ್ತು ಹಿಡಿಯುವುದು ಇದಕ್ಕೇ. ಒಂದು ಚೂರೂ ಶಟರ್ ಪರದೆ ಮೇಲೆ ಬೀಳಬಾರದು, ಅದಕ್ಕೆ ಕಾಗದ ಮುಚ್ಚಿಕೊಂಡಿದ್ದೆ. ಆಮೇಲೆ ಹಿಂಜ್ ಬದಿಗೆ ಹೊಸ ಫೋಮ್, ಮೇಲೆ-ಕೆಳಗಿನ ಸಣ್ಣ ಸಂದಿಗಳಿಗೆ ಕಪ್ಪು ಉಲ್ಲನ್ ದಾರ. ಫೋಮ್ ದಪ್ಪವಾದರೆ ಬಾಗಿಲೇ ಮುಚ್ಚುವುದಿಲ್ಲ, ನೋಡಿಕೊಳ್ಳಿ.

ಮುಂದಿನ ರೋಲ್ ಹಾಕಿ ಬೇಕಂತಲೇ ಬಿಸಿಲಲ್ಲಿ ಇಟ್ಟೆ. ಪಟ್ಟಿ ಬರಲಿಲ್ಲ. ಕ್ಯಾಮೆರಾದೊಳಗಿನ ಕನ್ನಡಿ ಮೇಲೆದ್ದಾಗ ತಾಗುವ ಫೋಮ್ ಕೂಡ ಹಳೆಯದೇ. ಅದನ್ನು ಮಾತ್ರ ರಿಪೇರಿಯವರಿಗೇ ಕೊಡುತ್ತೇನೆ. ಅದರ ಪಕ್ಕದಲ್ಲೇ ಇರುವ ಫೋಕಸಿಂಗ್ ಸ್ಕ್ರೀನ್‌ಗೆ (ಫೋಕಸ್ ನೋಡಲು ಚಿತ್ರ ಮೂಡುವ ಪರದೆ) ಆಲ್ಕೋಹಾಲ್ ತಾಗಿದರೆ ಅದು ಹಾಳಾಗಬಹುದು.