ನಾಲ್ಕು ಆಯ್ಕೆಯ ಕ್ವಿಜ್ ಪ್ರಶ್ನೆ: ಉತ್ತರದಿಂದ ಹಿಂದಕ್ಕೆ ಕಟ್ಟುವ ಬಗೆ

ಟೀವಿಯ ಹಾಟ್ ಸೀಟ್ ಕಾರ್ಯಕ್ರಮದ ಮಾದರಿಯಲ್ಲಿ ಕ್ವಿಜ್ ನಡೆಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಪ್ರಶ್ನೆ ಬರೆಯುತ್ತಾರೆ, ಆಮೇಲೆ ಉತ್ತರ ಹುಡುಕುತ್ತಾರೆ, ಕೊನೆಗೆ ಕೈಗೆ ಸಿಕ್ಕ ಮೂರು ಹೆಸರುಗಳನ್ನು ತಪ್ಪು ಆಯ್ಕೆಗಳೆಂದು ತುಂಬಿಬಿಡುತ್ತಾರೆ. ಕೆಲಸ ಕೆಡುವುದು ಅಲ್ಲೇ. ಪ್ರಶ್ನೆಯನ್ನು ಹಿಂದುಮುಂದಾಗಿ ಕಟ್ಟಬೇಕು. ಮೊದಲು ಖಚಿತವಾದ ಒಂದು ಸಂಗತಿ, ಅದರ ಪಕ್ಕದಲ್ಲಿ ನಿಜವೆನಿಸುವ ಮೂರು ತಪ್ಪುಗಳು, ಕಟ್ಟಕಡೆಗೆ ಆ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಹೊಂದುವ ವಾಕ್ಯ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ‘ಎರಡು ಸಲ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಯಾರು?’ ಎಂದು ಬರೆದು ಪಕ್ಕದಲ್ಲಿ ಮೇರಿ ಕ್ಯೂರಿ ಎಂದು ಗುರುತು ಹಾಕಿಕೊಂಡರೆ ಪ್ರಶ್ನೆ ನಿಲ್ಲುವುದಿಲ್ಲ. ಕ್ಯೂರಿಗೆ 1903ರಲ್ಲಿ ಭೌತವಿಜ್ಞಾನ, 1911ರಲ್ಲಿ ರಸಾಯನವಿಜ್ಞಾನ ಸಿಕ್ಕಿದ್ದು ನಿಜ. ಆದರೆ ಲೈನಸ್ ಪೌಲಿಂಗ್‌ಗೆ 1954ರಲ್ಲಿ ರಸಾಯನ ಮತ್ತು 1962ರ ಶಾಂತಿ, ಜಾನ್ ಬಾರ್ಡೀನ್‌ಗೆ 1956 ಮತ್ತು 1972ರಲ್ಲಿ ಭೌತ, ಫ್ರೆಡರಿಕ್ ಸ್ಯಾಂಗರ್‌ಗೆ 1958 ಮತ್ತು 1980ರಲ್ಲಿ ರಸಾಯನ, ಬ್ಯಾರಿ ಶಾರ್ಪ್‌ಲೆಸ್‌ಗೆ 2001 ಮತ್ತು 2022ರಲ್ಲಿ ರಸಾಯನ ಸಿಕ್ಕಿವೆ. ಪ್ರಶ್ನೆಯನ್ನು ಕೆಡಿಸಿದ ಈ ಪಟ್ಟಿಯನ್ನು ಎಸೆಯಬೇಡಿ, ಒಳ್ಳೆಯ ಆಯ್ಕೆಗಳು ಇದರೊಳಗೇ ಇವೆ. ‘ಎರಡೂ ನೊಬೆಲ್‌ಗಳನ್ನು ಭೌತವಿಜ್ಞಾನದಲ್ಲೇ ಪಡೆದವರು ಯಾರು?’ ಎಂದು ಕೇಳಿ ಕ್ಯೂರಿ, ಪೌಲಿಂಗ್, ಬಾರ್ಡೀನ್, ಸ್ಯಾಂಗರ್ ಎಂದು ನಾಲ್ವರನ್ನು ಇಡಿ. ನಾಲ್ವರೂ ಎರಡೆರಡು ಸಲ ಪಡೆದವರು, ಯಾರನ್ನೂ ಸಲೀಸಾಗಿ ಹೊರಗಿಡಲಾಗದು. ಕ್ಯೂರಿಯ ಹೆಸರು ಮಾತ್ರ ಕೇಳಿ ಬಲ್ಲವರು ಅಲ್ಲೇ ಬೀಳುತ್ತಾರೆ, ವಿಷಯ ಬಲ್ಲವರು ಬಾರ್ಡೀನ್ ಎನ್ನುತ್ತಾರೆ. ಇದನ್ನೇ ಸುಲಭಗೊಳಿಸಬೇಕೆ? ‘ಎರಡು ಬೇರೆ ಬೇರೆ ವಿಜ್ಞಾನ ವಿಭಾಗಗಳಲ್ಲಿ ನೊಬೆಲ್ ಪಡೆದವರು ಯಾರು?’ ಎನ್ನಿ, ಉತ್ತರ ಕ್ಯೂರಿ ಒಬ್ಬರೇ. ಪೌಲಿಂಗ್ ಇಲ್ಲಿ ಬರುವುದಿಲ್ಲ, ಏಕೆಂದರೆ ಶಾಂತಿ ವಿಜ್ಞಾನವಲ್ಲ. ಒಂದೇ ಪಟ್ಟಿಯಿಂದ ಎರಡು ಹಂತದ ಪ್ರಶ್ನೆಗಳು ಹುಟ್ಟಿದವು.

ಸಂಗತಿಯನ್ನು ಆರಿಸುವಾಗ

‘ಅತಿ ದೊಡ್ಡ’, ‘ಅತಿ ಎತ್ತರ’, ‘ಮೊದಲ’ ಎಂಬ ಪದ ಬಂದ ತಕ್ಷಣ ಪೆನ್ನು ನಿಲ್ಲಿಸಿ, ಯಾವ ಅಳತೆಯಲ್ಲಿ ಎಂದು ಕೇಳಿಕೊಳ್ಳಿ. ಸಮುದ್ರಮಟ್ಟದಿಂದ ಅಳೆದರೆ ಎವರೆಸ್ಟ್ 8,848.86 ಮೀಟರ್, ಅದೇ ಅತಿ ಎತ್ತರ. ಸಾಗರದಡಿಯ ಬುಡದಿಂದ ಅಳೆದರೆ ಹವಾಯಿಯ ಮೌನಾ ಕೀ 10,000 ಮೀಟರ್ ದಾಟುತ್ತದೆ. ಭೂಮಿಯ ಕೇಂದ್ರದಿಂದ ಅತಿ ದೂರದ ಶಿಖರ ಈಕ್ವೆಡಾರ್‌ನ ಚಿಂಬೊರಾಸೊ. ‘ಸಮುದ್ರಮಟ್ಟದಿಂದ’ ಎಂಬ ಒಂದು ಪದ ಸೇರಿಸಿದರೆ ಜಗಳ ಮುಗಿಯಿತು. ಮರುಭೂಮಿಯ ಕಥೆಯೂ ಅದೇ: ‘ಅತಿ ದೊಡ್ಡ ಮರುಭೂಮಿ’ ಎಂದರೆ ಅಂಟಾರ್ಕ್ಟಿಕಾ, ‘ಅತಿ ದೊಡ್ಡ ಬಿಸಿ ಮರುಭೂಮಿ’ ಎಂದರೆ ಸಹಾರಾ. ಅತಿ ಉದ್ದದ ನದಿಯ ಪ್ರಶ್ನೆಯನ್ನು ಕೈಬಿಡುವುದೇ ವಾಸಿ. ನೈಲ್ ಮತ್ತು ಅಮೆಜಾನ್‌ಗಳ ಮೂಲ ಎಲ್ಲಿ ಎಂಬ ಬಗ್ಗೆಯೇ ಒಮ್ಮತವಿಲ್ಲ, ಒಂದು ಪದ ಸೇರಿಸಿ ಬಗೆಹರಿಸುವಂಥ ತಕರಾರಲ್ಲ ಅದು.

‘ಕಂಡುಹಿಡಿದವರು ಯಾರು’ ಎಂಬ ಪ್ರಶ್ನೆಗಳು ಇನ್ನೂ ಅಪಾಯಕಾರಿ. ಟೆಲಿಫೋನ್ ಎಂದರೆ ಬೆಲ್ ಎನ್ನುವವರ ಎದುರು ಮೆಯುಚ್ಚಿ ಎನ್ನುವವರಿದ್ದಾರೆ, ವಿದ್ಯುದ್ದೀಪ ಎಂದರೆ ಎಡಿಸನ್ ಜೊತೆಗೆ ಜೋಸೆಫ್ ಸ್ವಾನ್ ಬರುತ್ತಾರೆ. ದಾಖಲೆಗೆ ಅಂಟಿಕೊಳ್ಳಿ: ‘1876ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದವರು ಯಾರು?’ ಇದಕ್ಕೆ ಬೆಲ್ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಇಸವಿಗಳಲ್ಲಿ ಪಂಚಾಂಗದ ಕಿರಿಕಿರಿ ಒಂದಿದೆ. ನ್ಯೂಟನ್ ಹುಟ್ಟಿದ್ದು ಆಗ ಇಂಗ್ಲೆಂಡಿನಲ್ಲಿದ್ದ ಜೂಲಿಯನ್ ಕ್ಯಾಲೆಂಡರಿನ ಪ್ರಕಾರ 1642ರ ಡಿಸೆಂಬರ್ 25, ಈಗಿನ ಲೆಕ್ಕದಲ್ಲಿ 1643ರ ಜನವರಿ 4. ಆಯ್ಕೆಗಳಲ್ಲಿ ಎರಡೂ ಇಸವಿ ಇದ್ದರೆ ಎರಡೂ ಸರಿ. ರಷ್ಯಾದ ಅಕ್ಟೋಬರ್ ಕ್ರಾಂತಿ ಈಗಿನ ಕ್ಯಾಲೆಂಡರಿನಲ್ಲಿ ನವೆಂಬರ್ 7ಕ್ಕೆ ಬೀಳುತ್ತದೆ. ಆದರೆ ಇಲ್ಲಿ ಅದೇ ಸ್ವಾರಸ್ಯ, ‘ಈಗಿನ ಕ್ಯಾಲೆಂಡರ್ ಪ್ರಕಾರ’ ಎಂದು ಬರೆದರೆ ಚೆಂದದ ಪ್ರಶ್ನೆ.

ಕೆಲವು ಉತ್ತರಗಳು ಹಾಲಿನಂತೆ, ಇಟ್ಟರೆ ಒಡೆಯುತ್ತವೆ. ಗ್ರಹಗಳು 2006ರ ಆಗಸ್ಟ್‌ವರೆಗೆ ಒಂಬತ್ತು, ಆಮೇಲೆ ಎಂಟು. ಕಜಕಿಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್‌ಸುಲ್ತಾನ್ ಆಗಿ 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಶನಿಯ ಚಂದ್ರಗಳ ಪಟ್ಟಿಗೆ 2025ರ ಮಾರ್ಚ್‌ನಲ್ಲಿ ಒಮ್ಮೆಗೇ 128 ಸೇರಿ ಲೆಕ್ಕ 274ಕ್ಕೆ ಹೋಯಿತು. ಹೀಗಾಗಿ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪರಿಶೀಲಿಸಿದ ದಿನಾಂಕ ಬರೆದಿಡಿ. ‘ಈಗಿನ’, ‘ಸದ್ಯದ’ ಎಂಬ ಪದವಿರುವ ಪ್ರಶ್ನೆಯನ್ನು ಕಾರ್ಯಕ್ರಮದ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಲೇಬೇಕು. ಪರಿಶೀಲನೆಗೆ ಎರಡು ಆಕರ ಬೇಕು, ಎರಡನೆಯದು ಮೊದಲನೆಯದರ ನಕಲಾಗಿರಬಾರದು. ವಾಕ್ಯಗಳು ಪದಕ್ಕೆ ಪದ ಹೊಂದಿದರೆ ಅದು ಒಂದೇ ಆಕರ ಎಂದು ತಿಳಿಯಿರಿ.

ತಪ್ಪು ಆಯ್ಕೆಗಳು, ಮತ್ತು ಕನ್ನಡ ಬಿಟ್ಟುಕೊಡುವ ಸುಳಿವು

ತಪ್ಪು ಆಯ್ಕೆಗಳು ಉತ್ತರದ ಒಡಹುಟ್ಟಿದವರಂತಿರಬೇಕು: ಒಂದೇ ಕಾಲ, ಒಂದೇ ಕ್ಷೇತ್ರ, ಹೆಚ್ಚುಕಡಿಮೆ ಒಂದೇ ಉದ್ದ. ಪ್ರಶ್ನೆ ಬರೆಯುವವರು ಸರಿಯುತ್ತರಕ್ಕೆ ಮಾತ್ರ ವಿವರಣೆ ಸೇರಿಸಿ ಉದ್ದ ಮಾಡುವುದು ಮಾಮೂಲು ತಪ್ಪು. ಚುರುಕಾದ ಸ್ಪರ್ಧಿ ಏನೂ ಗೊತ್ತಿಲ್ಲದೆ ಉದ್ದದ್ದನ್ನೇ ಒತ್ತುತ್ತಾನೆ. ಸಂಖ್ಯೆಗಳಲ್ಲಿ ಉತ್ತರವನ್ನು ಯಾವಾಗಲೂ ನಡುವೆ ಕೂರಿಸುವುದು ಇನ್ನೊಂದು ತಪ್ಪು. ವಯಸ್ಕರ ಮೂಳೆಗಳು 206 ಎಂಬುದಕ್ಕೆ 196, 206, 216, 226 ಎಂದಿಡಬಹುದು, ಇನ್ನೊಮ್ಮೆ 176, 186, 196, 206 ಎಂದೂ ಇಡಬಹುದು. ಸಂಖ್ಯೆಗಳು ಸದಾ ಏರುವ ಕ್ರಮದಲ್ಲಿರಲಿ, ಉತ್ತರದ ಸ್ಥಾನವನ್ನು ತಪ್ಪು ಸಂಖ್ಯೆಗಳ ಆಯ್ಕೆಯಿಂದ ಬದಲಿಸಿ. ‘ಮೇಲಿನ ಯಾವುದೂ ಅಲ್ಲ’ ಎಂಬ ಆಯ್ಕೆ ಬೇಡವೇ ಬೇಡ, ಫಿಫ್ಟಿ ಫಿಫ್ಟಿ (ಎರಡು ತಪ್ಪು ಆಯ್ಕೆಗಳನ್ನು ತೆಗೆದುಹಾಕುವ ನೆರವು) ಬಳಸಿದಾಗ ಅದು ನಗೆಪಾಟಲಾಗುತ್ತದೆ.

ಕನ್ನಡದಲ್ಲಿ ಬರೆಯುವಾಗ ಬೇರೆಯೇ ಸೋರಿಕೆಗಳಿವೆ. ಕ್ರಿಯಾಪದದ ಕೊನೆಯಲ್ಲಿ ‘ದನು’, ‘ದಳು’ ಬಂದರೆ ಗಂಡೋ ಹೆಣ್ಣೋ ಎಂಬುದು ಹೊರಬಿತ್ತು, ನಾಲ್ಕರಲ್ಲಿ ಎರಡು ಆಯ್ಕೆ ಅಲ್ಲೇ ಹೋಯಿತು. ‘ಪಡೆದವರು ಯಾರು’ ಎಂದೇ ಬರೆಯಿರಿ. ಮೂಲವಸ್ತುಗಳ ಕನ್ನಡ ಹೆಸರುಗಳು ಇನ್ನೂ ಉದಾರಿಗಳು. ‘ನೀರಿನ ಅಣುವಿನಲ್ಲಿ ಎರಡು ಪರಮಾಣುಗಳಿರುವ ಮೂಲವಸ್ತು ಯಾವುದು?’ ಎಂದು ಕೇಳಿ ಆಯ್ಕೆಯಲ್ಲಿ ‘ಜಲಜನಕ’ ಎಂದಿಟ್ಟರೆ ಜಲವೇ ಉತ್ತರ ಹೇಳುತ್ತದೆ, ‘ಹೈಡ್ರೋಜನ್’ ಎಂದಿಡಿ. ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಲೋಹದ ಪ್ರಶ್ನೆಗೆ ‘ಪಾದರಸ’ದಲ್ಲಿರುವ ರಸವೂ ಹಾಗೆಯೇ. (ಅಲ್ಲಿ ‘ಲೋಹ’ ಎಂಬ ಪದವನ್ನು ಬಿಟ್ಟು ‘ಮೂಲವಸ್ತು’ ಎಂದರೆ ಬ್ರೋಮಿನ್ ಕೂಡ ಸರಿಯಾಗುತ್ತದೆ, ಎಚ್ಚರ.) ಪೊಲೋನಿಯಂ ಯಾವ ದೇಶದ ಹೆಸರಿನಿಂದ ಬಂತು ಎಂದು ಕೇಳಿ ಪೋಲೆಂಡ್ ಎಂದಿಡುವುದೂ ಅದೇ ಜಾತಿಯ ತಪ್ಪು. ಇದನ್ನು ತಿರುಗಿಸಿ ‘ಪೊಲೋನಿಯಂ ಪತ್ತೆ ಮಾಡಿದವರು ಇನ್ನಾವ ಮೂಲವಸ್ತುವನ್ನು ಪತ್ತೆ ಮಾಡಿದರು?’ ಎಂದು ಕೇಳಿ, ರೇಡಿಯಂ ಉತ್ತರ.

ಕಿವಿಗೂ ಪರೀಕ್ಷೆ ಬೇಕು. ಸ್ಲೊವಾಕಿಯಾ–ಸ್ಲೊವೇನಿಯಾ, ಇರಾನ್–ಇರಾಕ್, ಆಸ್ಟ್ರಿಯಾ–ಆಸ್ಟ್ರೇಲಿಯಾ ತೆರೆಯ ಮೇಲೆ ಸರಿ, ಬಾಯಿಮಾತಿನ ಸುತ್ತಿನಲ್ಲಿ ಒಟ್ಟಿಗೆ ಇಡಬೇಡಿ. ಕನ್ನಡದಲ್ಲಿ ‘ಅಲ್ಲ’ ವಾಕ್ಯದ ತುದಿಗೆ ಬರುವುದರಿಂದ ‘ಇವುಗಳಲ್ಲಿ ಯಾವುದು ಸಸ್ತನಿ ಅಲ್ಲ?’ ಎಂಬಂಥ ಪ್ರಶ್ನೆಯಲ್ಲಿ ಆ ಪದವನ್ನು ಒತ್ತಿ ಓದಬೇಕು, ತೆರೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಬೇಕು.

ಲೈಫ್‌ಲೈನ್ ಜೊತೆ ತಾಳೆ ನೋಡುವುದು

1998ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ 15 ಪ್ರಶ್ನೆಗಳ ಏಣಿಯನ್ನೂ ಮೂರು ಲೈಫ್‌ಲೈನ್‌ಗಳನ್ನೂ ಕೊಟ್ಟಿತು: ಫಿಫ್ಟಿ ಫಿಫ್ಟಿ, ಗೆಳೆಯನಿಗೆ ಫೋನ್, ಪ್ರೇಕ್ಷಕರ ಮತ. ನಿಮ್ಮ ಪ್ರಶ್ನೆ ಮೂರನ್ನೂ ತಾಳಬೇಕು. ಫಿಫ್ಟಿ ಫಿಫ್ಟಿಯ ನಂತರ ಸರಿಯುತ್ತರದ ಜೊತೆ ಮೂರರಲ್ಲಿ ಯಾವ ತಪ್ಪಾದರೂ ಉಳಿಯಬಹುದು, ಆದ್ದರಿಂದ ಆ ಮೂರು ಜೋಡಿಗಳನ್ನೂ ಬಿಡಿಬಿಡಿಯಾಗಿ ಓದಿ ನೋಡಿ. ಒಂದು ಜೋಡಿ ಬಾಲಿಶ ಎನಿಸಿದರೂ ಆ ತಪ್ಪು ಆಯ್ಕೆಯನ್ನು ಬದಲಿಸಿ. ಫೋನಿಗೆ ಸಿಗುವುದು 30 ಸೆಕೆಂಡ್. ಪ್ರಶ್ನೆ ಮತ್ತು ಆಯ್ಕೆಗಳನ್ನು ಓದಲು 15 ಸೆಕೆಂಡ್ ಮೀರಿದರೆ ಆ ಕಡೆಯವರಿಗೆ ಯೋಚಿಸಲು ಉಳಿಯುವುದೇನು? ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡಿ, ಪ್ರಶ್ನೆ ಹೆಚ್ಚೆಂದರೆ 15 ಪದವಿರಲಿ.

ಪ್ರೇಕ್ಷಕರ ಮತ ಏಕೆ ಕೆಲಸ ಮಾಡುತ್ತದೆ ಎಂಬುದು ಸರಳ ಲೆಕ್ಕ. 100 ಜನರಲ್ಲಿ 20 ಮಂದಿಗೆ ಮಾತ್ರ ಉತ್ತರ ಗೊತ್ತು, ಉಳಿದ 80 ಮಂದಿ ಸುಮ್ಮನೆ ಒತ್ತುತ್ತಾರೆ ಎನ್ನಿ. ಆ 80 ನಾಲ್ಕು ಕಡೆ ತಲಾ 20 ಹಂಚಿಹೋದರೆ ಸರಿಯುತ್ತರಕ್ಕೆ 40, ಉಳಿದವಕ್ಕೆ 20. ಆದರೆ ಆಯ್ಕೆಗಳಲ್ಲಿ ಜನಪ್ರಿಯ ತಪ್ಪು ತಿಳಿವಳಿಕೆ ಒಂದಿದ್ದರೆ ಆ 80 ಒಂದೇ ಕಡೆ ವಾಲುತ್ತದೆ. ಆಸ್ಟ್ರೇಲಿಯಾದ ರಾಜಧಾನಿಗೆ ಸಿಡ್ನಿ, ಟರ್ಕಿಯ ರಾಜಧಾನಿಗೆ ಇಸ್ತಾಂಬುಲ್ ಇಂಥವು. ಇಂಥ ಪ್ರಶ್ನೆ ತಪ್ಪಲ್ಲ, ಆದರೆ ಅದು ಏಣಿಯ ಕೆಳಗಿನ ಐದು ಮೆಟ್ಟಿಲಲ್ಲಿ ಇರಬಾರದು, ಅಲ್ಲಿ ಲೈಫ್‌ಲೈನ್ ನೆರವಾಗುವ ಬದಲು ಬಲೆಯಾಗುತ್ತದೆ.

ಕಷ್ಟದ ಮಟ್ಟವನ್ನು ಬರೆದವರೇ ಅಂದಾಜು ಮಾಡಬಾರದು, ಉತ್ತರ ಗೊತ್ತಿರುವವರಿಗೆ ಎಲ್ಲವೂ ಸುಲಭ. ಕಾರ್ಯಕ್ರಮಕ್ಕೆ ಸಂಬಂಧವಿಲ್ಲದ ಹತ್ತು ಜನರಿಗೆ ಕೊಡಿ. ಒಂಬತ್ತು–ಹತ್ತು ಮಂದಿ ಹೇಳಿದರೆ ಮೊದಲ ಐದು ಮೆಟ್ಟಿಲಿಗೆ, ಐದರಿಂದ ಎಂಟು ಮಂದಿಯಾದರೆ ನಡುವಿಗೆ, ಮೂರು–ನಾಲ್ಕಾದರೆ ಮೇಲಕ್ಕೆ. ನಾಲ್ಕು ಆಯ್ಕೆಯಲ್ಲಿ ಬರೀ ಊಹೆಯೇ ಹತ್ತರಲ್ಲಿ ಎರಡೂವರೆ ಸರಿ ಕೊಡುತ್ತದೆ. ಹಾಗಾಗಿ ಯಾರೂ ಸರಿ ಹೇಳದೆ ಎಲ್ಲರೂ ಒಂದೇ ತಪ್ಪನ್ನು ಆರಿಸಿದರೆ ಪ್ರಶ್ನೆ ಕಠಿಣ ಎಂದು ಹಿಗ್ಗಬೇಡಿ, ನಿಮ್ಮ ಉತ್ತರವನ್ನೇ ಮರುಪರಿಶೀಲಿಸಿ. 15 ಪ್ರಶ್ನೆಗಳನ್ನೂ ಊಹೆಯಲ್ಲೇ ದಾಟುವ ಸಾಧ್ಯತೆ 1,07,37,41,824ರಲ್ಲಿ ಒಂದು, ಅದರ ಚಿಂತೆ ಬೇಡ. ಆದರೆ ಎ, ಬಿ, ಸಿ, ಡಿಗಳ ಹಂಚಿಕೆ ನೋಡಿಕೊಳ್ಳಿ. 40 ಪ್ರಶ್ನೆಗಳಲ್ಲಿ ಒಂದೊಂದಕ್ಕೆ ಹತ್ತರ ಆಸುಪಾಸು ಬರಲಿ, ಬರೆಯುವ ಕೈ ತಾನಾಗಿ ಬಿ, ಸಿಗಳತ್ತ ವಾಲುತ್ತದೆ.

ಬೇರೆ ಸುತ್ತುಗಳು

ಬೇಗ ಜೋಡಿಸುವ ಸುತ್ತಿನಲ್ಲಿ ನಾಲ್ಕು ವಸ್ತುಗಳಿಗೆ 24 ಕ್ರಮಗಳು ಸಾಧ್ಯ. ‘ಸೂರ್ಯನಿಗೆ ಹತ್ತಿರದಿಂದ ದೂರಕ್ಕೆ ಜೋಡಿಸಿ: ಮಂಗಳ, ಬುಧ, ಶುಕ್ರ, ಶನಿ.’ ನಮ್ಮ ವಾರದ ಕ್ರಮ ನಾಲಿಗೆಯ ಮೇಲೇ ಇರುವುದರಿಂದ ಅವಸರದ ಬೆರಳು ಕೊಟ್ಟ ಕ್ರಮವನ್ನೇ ಒತ್ತುತ್ತದೆ, ಸರಿಯಾದದ್ದು ಬುಧ, ಶುಕ್ರ, ಮಂಗಳ, ಶನಿ. ಇಸವಿಗಳನ್ನು ಜೋಡಿಸಲು ಕೊಟ್ಟರೆ ಎರಡರ ನಡುವೆ ಕನಿಷ್ಠ ಹತ್ತು ವರ್ಷ ಅಂತರವಿಡಿ.

ಬಜರ್ ಸುತ್ತಿನಲ್ಲಿ ಕನ್ನಡದ ವಾಕ್ಯರಚನೆ ಅಡ್ಡ ಬರುತ್ತದೆ. ಪ್ರಶ್ನಾರ್ಥಕ ಪದ ಕೊನೆಗೆ ಬಂದರೆ ಏನು ಕೇಳುತ್ತಿದ್ದಾರೆಂದೇ ತಿಳಿಯದೆ ಸ್ಪರ್ಧಿ ಕಾಯುತ್ತಾನೆ. ಪರಿಹಾರ: ಕೇಳುವ ವಸ್ತುವನ್ನು ಮೊದಲು ಇಟ್ಟು, ಸುಳಿವುಗಳನ್ನು ಕಷ್ಟದಿಂದ ಸುಲಭಕ್ಕೆ ಇಳಿಸಿ. ‘ಈ ಗ್ರಹವನ್ನು ಹೆಸರಿಸಿ. 1970ರ ಡಿಸೆಂಬರ್‌ನಲ್ಲಿ ವೆನೆರಾ 7 ಇಲ್ಲಿ ಇಳಿದು ಸಂಕೇತ ಕಳಿಸಿತು. ತನ್ನ ಸುತ್ತ ತಿರುಗಲು ಭೂಮಿಯ 243 ದಿನ ಬೇಕು, ಸೂರ್ಯನನ್ನು ಸುತ್ತಲು 225 ಸಾಕು. ಬುಧನಿಗಿಂತ ಸೂರ್ಯನಿಂದ ದೂರವಿದ್ದರೂ ಅದಕ್ಕಿಂತ ಬಿಸಿ. ಜನರ ಬಾಯಲ್ಲಿ ಇದು ಬೆಳ್ಳಿ.’ ಶುಕ್ರ. ಮೊದಲ ಸುಳಿವೇ ಒಂದೇ ಉತ್ತರಕ್ಕೆ ಹೊಂದಬೇಕು, ಇಲ್ಲವಾದರೆ ಬೇಗ ಒತ್ತಿದ ಬಲ್ಲವನಿಗೆ ಅನ್ಯಾಯ. ಊಹೆಯ ಒತ್ತುವಿಕೆ ತಡೆಯಲು ಬ್ರಿಟನ್ನಿನ ಟೀವಿ ಕ್ವಿಜ್ ‘ಯೂನಿವರ್ಸಿಟಿ ಚಾಲೆಂಜ್’ನ ಕ್ರಮ ಒಳ್ಳೆಯದು: ಸರಿಗೆ 10 ಅಂಕ, ಪ್ರಶ್ನೆ ಮುಗಿಯುವ ಮುನ್ನ ಒತ್ತಿ ತಪ್ಪಿದರೆ 5 ಕಳೆತ.

ಉತ್ತರಪತ್ರಿಕೆ ಸ್ಪರ್ಧಿಗಳ ಪರಿಚಯವಿರುವ ಯಾರ ಕೈಗೂ ಹೋಗಬಾರದು. ಅಮೆರಿಕದ ಟೀವಿ ಕ್ವಿಜ್ ‘ಟ್ವೆಂಟಿ ಒನ್’ನಲ್ಲಿ ಸ್ಪರ್ಧಿಗಳಿಗೆ ಉತ್ತರಗಳನ್ನು ಮೊದಲೇ ಕೊಡಲಾಗಿತ್ತೆಂಬುದು 1959ರ ವಿಚಾರಣೆಯಲ್ಲಿ ಹೊರಬಿದ್ದು, 1960ರಲ್ಲಿ ಅಂಥ ಮೋಸವನ್ನು ಅಪರಾಧವೆನ್ನುವ ಕಾನೂನೇ ಬಂತು. ನಿರೂಪಕರಿಗೆ ಪ್ರಶ್ನೆಗಳನ್ನು ಉಚ್ಚಾರಣೆಗಾಗಿ ಅರ್ಧ ಗಂಟೆ ಮೊದಲು ಕೊಟ್ಟರೆ ಸಾಕು.

ಇಷ್ಟಾದರೂ ಯಾರಾದರೂ ಎದ್ದು ತಕರಾರು ತೆಗೆಯುತ್ತಾರೆ. ಆಕರದ ಪುಟವನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ, ತೀರ್ಪುಗಾರರು ಒಬ್ಬರೇ ಇರಲಿ. ಎರಡು ಉತ್ತರ ಸರಿಯೆಂದು ಕಂಡರೆ ವಾದಿಸದೆ ಪ್ರಶ್ನೆ ರದ್ದು ಮಾಡಿ, ಬಳಸಿದ ಲೈಫ್‌ಲೈನ್ ಹಿಂದಿರುಗಿಸಿ, ಅದೇ ಮಟ್ಟದ ಬದಲಿ ಪ್ರಶ್ನೆ ಕೇಳಿ. ಅದಕ್ಕಾಗಿ ಪ್ರತಿ ಮೆಟ್ಟಿಲಿಗೆ ಎರಡು ಪ್ರಶ್ನೆ ಹೆಚ್ಚುವರಿ ಇರಬೇಕು: 15 ಮೆಟ್ಟಿಲಿನ ಆಟಕ್ಕೆ ಒಟ್ಟು 45.